ಯಾರ ಬಿಡುವಿಗೆ ಯಾವ ದನಿ?

1950ರ ದಶಕದ ಲಂಡನ್ ರೇಡಿಯೊದ ಒಂದು ದಿನದ ಪಟ್ಟಿಯನ್ನು ಬೇಲೂರು ತಾಲ್ಲೂಕಿನ ಅರೇಹಳ್ಳಿಯಲ್ಲಿ ಕೂತು ಓದಿದರೆ ಕಾಣುವುದೇನು?

1951ರ ಬೇಸಿಗೆಯಲ್ಲಿ ಬಿಬಿಸಿ ರೇಡಿಯೊದ ಒಂದು ಸಾಮಾನ್ಯ ದಿನ ಹೀಗೆ ಸಾಗುತ್ತಿತ್ತು. ಬೆಳಗ್ಗೆ ಒಂಬತ್ತರ ವಾರ್ತೆ ಮುಗಿಯುತ್ತಿದ್ದಂತೆ ‘ಹೌಸ್‌ವೈವ್ಸ್ ಚಾಯ್ಸ್’, ಅಂದರೆ ಗೃಹಿಣಿಯರು ಕಾರ್ಡು ಬರೆದು ಕೇಳಿದ ಹಾಡುಗಳು. ಹತ್ತೂವರೆಗೆ ‘ಮ್ಯೂಸಿಕ್ ವೈಲ್ ಯು ವರ್ಕ್’, ಕಾರ್ಖಾನೆಯಲ್ಲಿ ಯಂತ್ರದ ಮುಂದೆ ನಿಂತವರಿಗಾಗಿ ಅರ್ಧ ಗಂಟೆ ನಿಲ್ಲದ ವಾದ್ಯಸಂಗೀತ. ಹನ್ನೊಂದಕ್ಕೆ ಡಾಕ್ಟರೊಬ್ಬರ ಹೆಂಡತಿಯ ಸಂಸಾರದ ಧಾರಾವಾಹಿ ‘ಮಿಸೆಸ್ ಡೇಲ್ಸ್ ಡೈರಿ’. ಒಂದೂಮುಕ್ಕಾಲಿಗೆ ಐದು ವರ್ಷದೊಳಗಿನ ಮಕ್ಕಳು ಅಮ್ಮನ ಜೊತೆ ಕೂತು ಕೇಳುವ ಕತೆ. ಎರಡಕ್ಕೆ ‘ವುಮನ್ಸ್ ಅವರ್’. ಐದಕ್ಕೆ, ಶಾಲೆ ಬಿಟ್ಟ ಮಕ್ಕಳ ಕಾರ್ಯಕ್ರಮ. ಆರಕ್ಕೆ ವಾರ್ತೆ. ಆರೂಮುಕ್ಕಾಲಿಗೆ ಹಳ್ಳಿಯ ರೈತ ಕುಟುಂಬವೊಂದರ ಧಾರಾವಾಹಿ ‘ದಿ ಆರ್ಚರ್ಸ್’. ರಾತ್ರಿ ಒಂಬತ್ತಕ್ಕೆ ಬಿಗ್ ಬೆನ್ ಗಡಿಯಾರದ ಗಂಟೆ, ಮತ್ತೆ ವಾರ್ತೆ.

ಇದು ಒಂದೇ ಸ್ಟೇಷನ್ನಿನ ಪಟ್ಟಿಯಲ್ಲ. ಯುದ್ಧ ಮುಗಿದ ಮೇಲೆ ಬಿಬಿಸಿ ಕೇಳುಗರನ್ನು ಮೂರು ಪಾಲು ಮಾಡಿಕೊಂಡಿತ್ತು. ವಾರ್ತೆ, ಭಾಷಣ, ನಾಟಕ, ಶಾಲಾ ಪಾಠಗಳಿಗೆ 1939ರಲ್ಲಿ ಶುರುವಾದ ಹೋಂ ಸರ್ವಿಸ್. ಹಾಡು, ಹಾಸ್ಯ, ಧಾರಾವಾಹಿಗಳಿಗೆ 1945ರ ಲೈಟ್ ಪ್ರೋಗ್ರಾಂ. ಗಂಭೀರ ಸಂಗೀತ, ಸಾಹಿತ್ಯ, ವಿಚಾರಗಳಿಗೆ 1946ರ ಥರ್ಡ್ ಪ್ರೋಗ್ರಾಂ, ಅದೂ ಸಂಜೆ ಆರರ ಮೇಲೆ ಮಾತ್ರ.

ಪಟ್ಟಿಯನ್ನು ಮೇಲಿಂದ ಕೆಳಗೆ ಇನ್ನೊಮ್ಮೆ ಓದಿ. ಕಾರ್ಯಕ್ರಮಗಳ ಹೆಸರು ಬಿಟ್ಟು ಗಂಟೆಗಳನ್ನಷ್ಟೇ ನೋಡಿದರೆ ಒಂದು ಮನೆ ಕಾಣುತ್ತದೆ. ಗಂಡ ಎಂಟೂವರೆ, ಒಂಬತ್ತರೊಳಗೆ ಕೆಲಸಕ್ಕೆ ಹೊರಟಿದ್ದಾನೆ. ಹೆಂಡತಿ ಪಾತ್ರೆ ತೊಳೆಯುತ್ತಿದ್ದಾಳೆ. ಊಟದ ನಂತರ ಕೂಸನ್ನು ಮಡಿಲಲ್ಲಿ ಕೂರಿಸಿಕೊಂಡು ಕಾಲು ಗಂಟೆ ಕತೆ ಕೇಳುತ್ತಾಳೆ. ಕೂಸು ಮಲಗಿದ ಮೇಲೆ ಎರಡರಿಂದ ಮೂರರವರೆಗಿನ ಒಂದು ಗಂಟೆ ಅವಳದು. ಸಂಜೆ ಎಲ್ಲರೂ ಮನೆ ಸೇರಿದಾಗ ಎಲ್ಲರಿಗೂ ಒಪ್ಪುವ ಧಾರಾವಾಹಿ. ಯಾರು ಯಾವ ಗಂಟೆಗೆ ಬಿಡುವಾಗಿರುತ್ತಾರೆ, ಯಾರ ಕೈ ಕೆಲಸದಲ್ಲಿದ್ದು ಕಿವಿ ಮಾತ್ರ ಖಾಲಿ ಇರುತ್ತದೆ ಎಂದು ಊಹಿಸಿ ಬರೆದದ್ದೇ ರೇಡಿಯೊ ಪಟ್ಟಿ. ಊಹೆ ಸರಿಯಾಗಿದ್ದಲ್ಲಿ ಕಾರ್ಯಕ್ರಮ ದಶಕಗಟ್ಟಲೆ ಉಳಿಯಿತು, ತಪ್ಪಿದಲ್ಲಿ ಕೇಳುಗ ಬೇರೆ ಸ್ಟೇಷನ್ ಹುಡುಕಿಕೊಂಡ. ಕೆಲವರನ್ನಂತೂ ಆ ಊಹೆ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಮೂರಕ್ಕೂ ಉದಾಹರಣೆ ನಮ್ಮ ಕಾಫಿ ಸೀಮೆಯಲ್ಲೇ ಸಿಗುತ್ತದೆ.

ಊಹೆಗಳ ಒಳಗುಟ್ಟು

ಬ್ರಿಟನ್ನಿನ ಊಹೆಗಳು ಎಷ್ಟು ಸೂಕ್ಷ್ಮವಾಗಿದ್ದವು ಎಂಬುದಕ್ಕೆ ‘ಮ್ಯೂಸಿಕ್ ವೈಲ್ ಯು ವರ್ಕ್’ ಸಾಕು. ಅದು ಹುಟ್ಟಿದ್ದು 1940ರ ಜೂನ್‌ನಲ್ಲಿ, ಮದ್ದುಗುಂಡಿನ ಕಾರ್ಖಾನೆಗಳು ಹಗಲು ರಾತ್ರಿ ನಡೆಯುತ್ತಿದ್ದಾಗ. ಬೇಸರದಿಂದ ಕೈ ನಿಧಾನವಾಗುವ ಹೊತ್ತಿಗೆ ಸರಿಯಾಗಿ ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಸಂಗೀತ ಹಾಕಬೇಕು. ಲಯ ಸಮನಾಗಿರಬೇಕು. ನಿದ್ದೆ ತರಿಸುವ ನಿಧಾನಗತಿ ಕೂಡದು. ಯಂತ್ರದ ಸದ್ದಿನ ಮೇಲೂ ಕೇಳಿಸಬೇಕು. ನಡುನಡುವೆ ಚಪ್ಪಾಳೆ ತಟ್ಟುವ ಒಂದು ಜನಪ್ರಿಯ ಅಮೆರಿಕನ್ ಹಾಡನ್ನು ಕೈಬಿಟ್ಟರು. ಕೆಲಸಗಾರರು ಚಪ್ಪಾಳೆಯ ಬದಲು ಕೈಯಲ್ಲಿದ್ದ ಸ್ಪ್ಯಾನರಿನಿಂದ ಯಂತ್ರಕ್ಕೇ ಬಡಿಯುತ್ತಿದ್ದರು!

‘ದಿ ಆರ್ಚರ್ಸ್’ ಹಿಂದಿನ ಕತೆ ಇನ್ನೂ ಸ್ವಾರಸ್ಯದ್ದು. ಯುದ್ಧ ಮುಗಿದರೂ ಬ್ರಿಟನ್ನಿನಲ್ಲಿ ಆಹಾರದ ರೇಷನ್ ಮುಗಿದಿರಲಿಲ್ಲ. ಅದು ಪೂರ್ತಿ ಹೋದದ್ದು 1954ರ ಜುಲೈನಲ್ಲಿ. ಹೆಚ್ಚು ಬೆಳೆಯಿರಿ ಎಂದು ಸರ್ಕಾರ ರೈತರ ಬೆನ್ನು ಹತ್ತಿತ್ತು. ಅಧಿಕಾರಿಗಳ ಭಾಷಣವನ್ನು ಯಾವ ರೈತನೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. 1948ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಬಿಬಿಸಿ ಕರೆದ ಸಭೆಯಲ್ಲಿ ರೈತರೊಬ್ಬರು ಎದ್ದು, ಆಗ ಮನೆಮನೆಯಲ್ಲೂ ಕೇಳುತ್ತಿದ್ದ ‘ಡಿಕ್ ಬಾರ್ಟನ್’ ಪತ್ತೇದಾರಿ ಧಾರಾವಾಹಿಯಂಥದ್ದು ಬೇಸಾಯಕ್ಕೂ ಬೇಕು ಎಂದರು. ಗಾಡ್‌ಫ್ರೀ ಬೇಸ್ಲಿ ಎಂಬ ನಿರ್ಮಾಪಕ ಆ ಮಾತನ್ನು ಹಿಡಿದುಕೊಂಡರು. 1950ರಲ್ಲಿ ಒಂದು ವಾರ ಪ್ರಯೋಗ ನಡೆಸಿ, 1951ರ ಜನವರಿ 1ರಿಂದ ದೇಶಕ್ಕೆಲ್ಲ ಕೇಳಿಸಿದರು. ಕೆಲವೇ ತಿಂಗಳಲ್ಲಿ ಡಿಕ್ ಬಾರ್ಟನ್ನನ ಆರೂಮುಕ್ಕಾಲರ ಜಾಗವೇ ಆರ್ಚರ್ ಕುಟುಂಬಕ್ಕೆ ಸಿಕ್ಕಿತು. ಮದುವೆ, ಜಗಳ, ಸಾಲಗಳ ನಡುವೆ ಹಸುವಿನ ರೋಗ, ಗೊಬ್ಬರ, ಬೀಜದ ಮಾಹಿತಿ ಸದ್ದಿಲ್ಲದೆ ರೈತನ ಮನೆ ಸೇರಿತು.

ಎಲ್ಲ ಊಹೆಯೂ ಇಷ್ಟು ನಿರಾಳವಾಗಿರಲಿಲ್ಲ. 1946ರಲ್ಲಿ ‘ವುಮನ್ಸ್ ಅವರ್’ ಶುರುವಾದಾಗ ಅದನ್ನು ನಡೆಸಿಕೊಡಲು ಕೂರಿಸಿದ್ದು ಅಲನ್ ಐವಿಮಿ ಎಂಬ ಗಂಡಸನ್ನು. ಹೆಂಗಸಿಗೆ ಯಾವಾಗ ಬಿಡುವು ಎಂಬುದು ಗೊತ್ತಿದ್ದವರಿಗೆ ಆಕೆ ಯಾರ ಮಾತು ಕೇಳಬಯಸುತ್ತಾಳೆ ಎಂಬುದು ತಿಳಿಯಲು ಇನ್ನಷ್ಟು ಸಮಯ ಹಿಡಿಯಿತು.

ಕಡಲು ದಾಟಿದ ಗಡಿಯಾರ

ಅರೇಹಳ್ಳಿ ಬೇಲೂರು ತಾಲ್ಲೂಕಿನ ಹೋಬಳಿ ಕೇಂದ್ರ. ಬೇಲೂರಿನ ಬಯಲು ಮುಗಿದು ಮಲೆನಾಡು ಶುರುವಾಗುವ ಕಡೆ, ಮೂಡಿಗೆರೆ, ಸಕಲೇಶಪುರಗಳಿಗೆ ಹೊಂದಿಕೊಂಡ ಕಾಫಿ, ಮೆಣಸು, ಏಲಕ್ಕಿಯ ಸೀಮೆ. ಹತ್ತೊಂಬತ್ತನೇ ಶತಮಾನದಲ್ಲೇ ಈ ಭಾಗಕ್ಕೆ ಬಿಳಿಯ ಪ್ಲಾಂಟರುಗಳು ಬಂದಿದ್ದರು. ಮಂಜರಾಬಾದ್ ಸೀಮೆಯ ಆರ್. ಎಚ್. ಎಲಿಯಟ್ ಮೈಸೂರಿನ ಕಾಫಿ ಬೇಸಾಯದ ಬಗ್ಗೆ 1894ರಲ್ಲಿ ಪುಸ್ತಕವನ್ನೇ ಬರೆದರು. ಇಪ್ಪತ್ತನೇ ಶತಮಾನದ ನಡುವಿನ ಹೊತ್ತಿಗೂ ಘಟ್ಟದಂಚಿನ ಎಸ್ಟೇಟ್ ಬಂಗಲೆಗಳಲ್ಲಿ ದೊರೆಗಳು ಇದ್ದರು. ಅವರ ಪಕ್ಕದಲ್ಲೇ ನಮ್ಮವರ ತೋಟಗಳೂ ಬೆಳೆದಿದ್ದವು.

ಅಂಥ ಬಂಗಲೆಯಲ್ಲಿ ಕೂತವನಿಗೆ ಮೇಲೆ ಹೇಳಿದ ಲಂಡನ್ನಿನ ದಿನ ಕೇಳಿಸುತ್ತಿತ್ತೇ? ಕೇಳಿಸುತ್ತಿತ್ತು, ಆದರೆ ಆ ಕ್ರಮದಲ್ಲಲ್ಲ. ಚಳಿಗಾಲದಲ್ಲಿ ಲಂಡನ್ನಿನ ರಾತ್ರಿ ಒಂಬತ್ತು ನಮಗೆ ನಡುರಾತ್ರಿ ಕಳೆದು ಎರಡೂವರೆ. ಅಲ್ಲಿನ ಗೃಹಿಣಿ ಪಾತ್ರೆ ತೊಳೆಯುವಾಗ ಇಲ್ಲಿ ಮಧ್ಯಾಹ್ನದ ಊಟ ಮುಗಿದಿರುತ್ತದೆ. ಹಾಗಾಗಿ ದೇಶದೊಳಗಿನ ಪಟ್ಟಿಯನ್ನು ಹಾಗೇ ಹೊರದೇಶಕ್ಕೆ ಕಳಿಸುವಂತಿರಲಿಲ್ಲ. 1932ರ ಡಿಸೆಂಬರ್ 19ರಂದು ಡ್ಯಾವೆಂಟ್ರಿಯಿಂದ ಶುರುವಾದ ಬಿಬಿಸಿಯ ಎಂಪೈರ್ ಸರ್ವಿಸ್ ಭೂಗೋಳವನ್ನು ಐದು ವಲಯ ಮಾಡಿ, ಒಂದೊಂದಕ್ಕೂ ಅಲ್ಲಲ್ಲಿನ ಅನುಕೂಲದ ಹೊತ್ತಿಗೆ ಎರಡೆರಡು ಗಂಟೆ ಕೊಟ್ಟಿತು. ಭಾರತದ್ದೂ ಒಂದು ವಲಯ. ಆರು ದಿನ ಕಳೆದು ಕ್ರಿಸ್‌ಮಸ್‌ನಂದು ಐದನೇ ಜಾರ್ಜ್ ದೊರೆ ಓದಿದ ಸಂದೇಶವನ್ನು ಬರೆದುಕೊಟ್ಟವರು ರಡ್ಯಾರ್ಡ್ ಕಿಪ್ಲಿಂಗ್. ಮಧ್ಯಾಹ್ನ ಮೂರರ ಹೊತ್ತನ್ನು ಆರಿಸಿದ್ದು ಸಾಮ್ರಾಜ್ಯದ ಹೆಚ್ಚು ದೇಶಗಳಿಗೆ ಆಗ ದನಿ ಚೆನ್ನಾಗಿ ಮುಟ್ಟುತ್ತದೆ ಎಂಬ ಲೆಕ್ಕದ ಮೇಲೆ. ಯುದ್ಧಕಾಲಕ್ಕೆ ಇದೇ ಸೇವೆ ಜನರಲ್ ಓವರ್‌ಸೀಸ್ ಸರ್ವಿಸ್ ಆಗಿ ಬೆಳೆಯಿತು. ಲಂಡನ್ನಿನಲ್ಲಿ ರಾತ್ರಿ ನಗಿಸಿದ ಹಾಸ್ಯ ಕಾರ್ಯಕ್ರಮ ಧ್ವನಿಮುದ್ರಣಗೊಂಡು ಬೇರೆ ದಿನ, ಬೇರೆ ಹೊತ್ತಿಗೆ ಮಲೆನಾಡಿನ ಬಂಗಲೆ ತಲುಪುತ್ತಿತ್ತು. ಅಲ್ಲಿ ಕೇಳಿಸುತ್ತಿದ್ದದ್ದು ತವರಿನ ದಿನವಲ್ಲ. ಅದರ ತುಣುಕುಗಳನ್ನು ಬೇರೆ ಕ್ರಮದಲ್ಲಿ ಜೋಡಿಸಿದ ಇನ್ನೊಂದು ದಿನ.

ದನಿ ಇಷ್ಟು ದೂರ ಬರುತ್ತಿದ್ದುದಾದರೂ ಹೇಗೆ? ಇದಕ್ಕೆ ಉತ್ತರ ಸಿಕ್ಕಿದ್ದೂ ಬಿಬಿಸಿಯ ಪ್ರಸಾರ ಕೇಂದ್ರವೊಂದರಿಂದಲೇ. 1924ರ ಡಿಸೆಂಬರ್‌ನಲ್ಲಿ ಎಡ್ವರ್ಡ್ ಆ್ಯಪಲ್ಟನ್ ಮತ್ತು ಮೈಲ್ಸ್ ಬಾರ್ನೆಟ್ ಎಂಬ ವಿಜ್ಞಾನಿಗಳು ಬೋರ್ನ್‌ಮತ್ ಕೇಂದ್ರದ ಟ್ರಾನ್ಸ್‌ಮಿಟರನ್ನು ರಾತ್ರಿ ಕಾರ್ಯಕ್ರಮ ಮುಗಿದ ಮೇಲೆ ಬಳಸಿಕೊಂಡರು. ತರಂಗದ ಉದ್ದವನ್ನು ನಿಧಾನವಾಗಿ ಬದಲಿಸುತ್ತ ಹೋದಂತೆ ಆಕ್ಸ್‌ಫರ್ಡಿನ ರಿಸೀವರಿನಲ್ಲಿ ಸದ್ದು ಏರಿಳಿಯಿತು. ನೆಲದ ಮೇಲಿಂದ ಬಂದ ತರಂಗವೂ ಆಕಾಶಕ್ಕೆ ತಾಗಿ ಮರಳಿದ ತರಂಗವೂ ಒಮ್ಮೆ ಕೂಡಿಕೊಂಡು, ಒಮ್ಮೆ ಹೊಡೆದುಕೊಂಡು ಆಗುವ ಏರಿಳಿತ ಅದು. ಅದರಿಂದ ಲೆಕ್ಕ ಹಾಕಿ, ಸುಮಾರು 90 ಕಿಲೋಮೀಟರ್ ಎತ್ತರದಲ್ಲಿ ರೇಡಿಯೊ ತರಂಗವನ್ನು ಹಿಂದಕ್ಕೆ ಕಳಿಸುವ ವಿದ್ಯುತ್ಕಣಗಳ ಪದರವಿದೆ ಎಂದು ತೋರಿಸಿದರು. ಆ್ಯಪಲ್ಟನ್‌ಗೆ 1947ರ ನೊಬೆಲ್ ಬಂದದ್ದು ಈ ಸಾಲಿನ ಕೆಲಸಕ್ಕೆ.

ಮೀಡಿಯಂ ವೇವ್ ಹಗಲು ಹೊತ್ತು ನೆಲಕ್ಕಂಟಿಯೇ ಸಾಗಬೇಕು. ಮೇಲೆ ಹೋದದ್ದನ್ನು ಬಿಸಿಲಿನಲ್ಲಿ ರೂಪುಗೊಳ್ಳುವ ಕೆಳಪದರ ಹೀರಿಬಿಡುತ್ತದೆ. ಹೊತ್ತು ಮುಳುಗಿದರೆ ಕೆಳಪದರ ಕರಗಿ ಮೇಲಿನ ಪದರ ಕನ್ನಡಿಯಾಗುತ್ತದೆ. ಹಗಲು ಹಿಡಿಯದ ದೂರದ ಸ್ಟೇಷನ್ ರಾತ್ರಿ ಪಕ್ಕದೂರಿನಂತೆ ಕೇಳುವುದು ಇದಕ್ಕೇ. ಶಾರ್ಟ್ ವೇವ್ ಆ ಕೆಳಪದರವನ್ನು ತೂರಿ ಹೋಗಿ ಮೇಲಿನದಕ್ಕೆ ತಾಗಿ ಸಾವಿರಾರು ಕಿಲೋಮೀಟರ್ ಆಚೆ ಇಳಿಯಬಲ್ಲದು. ಹಗಲಿಗೆ 16, 19 ಮೀಟರಿನಂಥ ಗಿಡ್ಡ ತರಂಗಗಳು ಒಗ್ಗಿದರೆ ರಾತ್ರಿಗೆ 31, 41, 49 ಮೀಟರ್. ಹಳೆಯ ಕೇಳುಗರು ಇದನ್ನು ಪುಸ್ತಕದಿಂದ ಕಲಿತವರಲ್ಲ, ಹೊತ್ತು ನೋಡಿ ಬ್ಯಾಂಡ್ ತಿರುಗಿಸುವ ಕೈ ಅಭ್ಯಾಸ ಅವರಿಗಿತ್ತು.

ಮೈಸೂರಿನ ಮನೆಯಿಂದ ಬೆಂಗಳೂರಿಗೆ

ಲಂಡನ್ನಿನ ಮಾದರಿ ಭಾರತಕ್ಕೆ ಬಂದದ್ದು ಅಧಿಕೃತ ದಾರಿಯಲ್ಲೇ. 1935ರ ಆಗಸ್ಟ್‌ನಲ್ಲಿ ಬಿಬಿಸಿಯ ಲಯನಲ್ ಫೀಲ್ಡನ್ ಭಾರತದ ಮೊದಲ ಪ್ರಸಾರ ನಿಯಂತ್ರಕರಾಗಿ ಬಂದಿಳಿದರು. ಮರುವರ್ಷ ಜೂನ್ 8ರಂದು ಇಲಾಖೆಗೆ ಆಲ್ ಇಂಡಿಯಾ ರೇಡಿಯೊ ಎಂಬ ಹೆಸರು ಬಿತ್ತು. ಎಂಜಿನಿಯರ್ ಸಿ. ಡಬ್ಲ್ಯು. ಗಾಯ್ಡರ್ ಕೂಡ ಬಿಬಿಸಿಯಿಂದಲೇ ಬಂದವರು. ಇಷ್ಟು ದೊಡ್ಡ ದೇಶಕ್ಕೆ ಶಾರ್ಟ್ ವೇವ್ ಇಲ್ಲದೆ ಗತಿಯಿಲ್ಲ ಎಂದು ಅದರ ಜಾಲ ಹೆಣೆದವರು ಅವರು.

ಫೀಲ್ಡನ್ ಬಂದ ಕೆಲವೇ ವಾರಗಳಲ್ಲಿ, 1935ರ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ ಯಾರ ಆದೇಶಕ್ಕೂ ಕಾಯದೆ ಒಂದು ಸ್ಟೇಷನ್ ಶುರುವಾಯಿತು. ಲಂಡನ್ನಿನಲ್ಲಿ ಮನಶ್ಶಾಸ್ತ್ರ ಓದಿ ಬಂದು ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಡಾ. ಎಂ. ವಿ. ಗೋಪಾಲಸ್ವಾಮಿ ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ 30 ವಾಟ್‌ನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ‘ಆಕಾಶವಾಣಿ’ ನಡೆಸಿದರು. ಒಂದು ಮನೆಯ ಬಲ್ಬಿನಷ್ಟು ಶಕ್ತಿ. ಮೊದಲ ದಿನ ಕವನ ಓದಿದವರು ಕುವೆಂಪು. ಸಾಹಿತಿ ನಾ. ಕಸ್ತೂರಿ ಕೇಂದ್ರದ ಕೆಲಸಕ್ಕೆ ಕೈಜೋಡಿಸಿದರು. ಮುಂದೆ 250 ವಾಟ್‌ಗೆ ಏರಿದರೂ ಕಾಫಿ ತೋಟಗಳ ಬೆಟ್ಟಸಾಲಿಗೆ ಹಗಲು ಹೊತ್ತು ನೆಚ್ಚಿಕೊಳ್ಳುವಂತೆ ತಲುಪುವ ಬಲ ಅದಕ್ಕಿರಲಿಲ್ಲ. 1940ರ ದಶಕದ ಆರಂಭದಲ್ಲಿ ಸಂಸ್ಥಾನದ ಸರ್ಕಾರ ಅದನ್ನು ವಹಿಸಿಕೊಂಡಿತು, 1950ರ ಏಪ್ರಿಲ್‌ನಲ್ಲಿ ಅದು ಆಲ್ ಇಂಡಿಯಾ ರೇಡಿಯೊಗೆ ಸೇರಿತು, 1955ರ ನವೆಂಬರ್ 2ರಂದು ಬೆಂಗಳೂರು ಕೇಂದ್ರ ಶುರುವಾಯಿತು. ಉತ್ತರದಲ್ಲಿ ಧಾರವಾಡ ಕೇಂದ್ರ 1950ರ ಜನವರಿಯಿಂದಲೇ ಮಾತಾಡುತ್ತಿತ್ತು. ಮುಂದೆ ಬೇಂದ್ರೆಯವರು ಅದರ ಸಲಹೆಗಾರರಾದರು. ಮೈಸೂರಿನ ಮನೆಯೊಂದರಲ್ಲಿ ಹುಟ್ಟಿದ ಹೆಸರು ಕೊನೆಗೆ ದೇಶದ ರೇಡಿಯೊಗೇ ಆಯಿತು.

ಬೆಂಗಳೂರಿನ ಪಟ್ಟಿಯಲ್ಲಿ ಲಂಡನ್ನಿನ ಅಚ್ಚು ಎದ್ದು ಕಾಣುತ್ತಿತ್ತು. ಗಂಟೆಗೆ ಸರಿಯಾಗಿ ‘ಪೀಂ ಪೀಂ’ ಸದ್ದು. ಇದನ್ನು ಬಿಬಿಸಿ 1924ರ ಫೆಬ್ರವರಿಯಲ್ಲಿ ಶುರುಮಾಡಿತ್ತು. ಹೆಂಗಸರಿಗೆ, ಮಕ್ಕಳಿಗೆ, ಕಾರ್ಮಿಕರಿಗೆ, ಹಳ್ಳಿಯವರಿಗೆ ಬೇರೆ ಬೇರೆ ಹೊತ್ತು, ಶಾಲೆಗಳಿಗೆ ಪಾಠ, ಊರಿಗೆಲ್ಲ ವಾರ್ತೆ. ಆದರೆ ತುಂಬಿದ ಸರಕು ನಮ್ಮದು. ಲಂಡನ್ನಿನಲ್ಲಿ ಗಂಭೀರ ಸಂಗೀತಕ್ಕೆ ರಾತ್ರಿ ಕಾಯಬೇಕಿದ್ದರೆ ಇಲ್ಲಿ ಬೆಳಗಾಗುತ್ತಿದ್ದುದೇ ನಾದಸ್ವರ, ದೇವರನಾಮ, ಶಾಸ್ತ್ರೀಯ ಗಾಯನದಿಂದ. ಅಲ್ಲಿ ಕೆಲವರ ಅಭಿರುಚಿಯಾಗಿದ್ದದ್ದು ಇಲ್ಲಿ ಪಟ್ಟಿಯ ತಲೆಬಾಗಿಲಲ್ಲೇ ನಿಂತಿತ್ತು.

ಊಹೆ ತಪ್ಪಿದಾಗ

ಕೇಳುಗರಿಗೆ ಯಾವುದು ಹಿತ ಎಂದು ಪಟ್ಟಿ ಬರೆಯುವವರೇ ತೀರ್ಮಾನಿಸಿದಾಗ ಏನಾಗುತ್ತದೆ ಎಂಬುದಕ್ಕೆ ಎರಡೂ ದೇಶಗಳಲ್ಲಿ ಒಂದೇ ಕತೆ. ಬಿಬಿಸಿಯ ಮೊದಲ ಮುಖ್ಯಸ್ಥ ಜಾನ್ ರೀತ್ ಭಾನುವಾರವನ್ನು ಪ್ರಾರ್ಥನೆ, ಪ್ರವಚನ, ಗಂಭೀರ ಸಂಗೀತಕ್ಕೆ ಮೀಸಲಿಟ್ಟರು. ವಾರವೆಲ್ಲ ದುಡಿದ ಜನಕ್ಕೆ ರಜೆಯ ದಿನ ಕುಣಿಯುವ ಹಾಡು ಬೇಕಿತ್ತು. 1933ರಿಂದ ರೇಡಿಯೊ ಲಕ್ಸೆಂಬರ್ಗ್ ಜಾಹೀರಾತಿನ ಜೊತೆ ಅದನ್ನೇ ಕೊಟ್ಟಿತು. ಭಾನುವಾರ ಬಂತೆಂದರೆ ಬ್ರಿಟನ್ನಿನ ಮುಳ್ಳು ಅತ್ತ ತಿರುಗುತ್ತಿತ್ತು.

ಇಲ್ಲಿ 1952ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ. ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡೆಂದರೆ ಆಗದು. ಆಕಾಶವಾಣಿಯಿಂದ ಚಿತ್ರಗೀತೆ ಹೆಚ್ಚುಕಡಿಮೆ ಮಾಯವಾಯಿತು. ಲಕ್ಸೆಂಬರ್ಗಿನ ಜಾಗದಲ್ಲಿ ನಮಗೆ ರೇಡಿಯೊ ಸಿಲೋನ್ ಇತ್ತು. ಯುದ್ಧಕಾಲದಲ್ಲಿ ಆಗ್ನೇಯ ಏಷ್ಯಾದ ಮಿತ್ರ ಸೈನ್ಯಕ್ಕೆಂದು ಬ್ರಿಟಿಷರು ಕಟ್ಟಿದ್ದ ಪ್ರಬಲ ಶಾರ್ಟ್ ವೇವ್ ಟ್ರಾನ್ಸ್‌ಮಿಟರ್ ಯುದ್ಧದ ನಂತರ ಸಿಲೋನಿನ ಪಾಲಾಗಿತ್ತು. ಅದರಿಂದ 1952ರ ಕೊನೆಗೆ ಶುರುವಾದ ‘ಬಿನಾಕಾ ಗೀತಮಾಲಾ’ಕ್ಕೆ ಬುಧವಾರ ರಾತ್ರಿ ದೇಶವೇ ಕಿವಿಗೊಟ್ಟಿತು. ಕೊನೆಗೆ 1957ರ ಅಕ್ಟೋಬರ್ 3ರಂದು ಆಕಾಶವಾಣಿ ವಿವಿಧಭಾರತಿ ಶುರುಮಾಡಿತು. ಬಿಬಿಸಿ ತನ್ನ ಲೈಟ್ ಪ್ರೋಗ್ರಾಂ ಮೂಲಕ ಕಲಿತ ಪಾಠವನ್ನು ಆಕಾಶವಾಣಿ ಹನ್ನೆರಡು ವರ್ಷ ತಡವಾಗಿ ಕಲಿಯಿತು.

ಕಣದಲ್ಲಿ ಕಾಫಿ, ಪೆಟ್ಟಿಗೆಯಲ್ಲಿ ಮಳೆ

ಅರೇಹಳ್ಳಿಯಂಥ ಊರಿನಲ್ಲಿ ರೇಡಿಯೊ ಎಂದರೆ ಏನಾಗಿತ್ತು ಎಂದು ತಿಳಿಯಲು ಆ ಪೆಟ್ಟಿಗೆಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಗುಬುಟು ತಿರುಗಿಸಿದ ಕೂಡಲೇ ದನಿ ಬರುತ್ತಿರಲಿಲ್ಲ. ಮೊದಲು ಡಯಲಿನ ಹಿಂದೆ ದೀಪ ಹತ್ತುತ್ತದೆ. ಗಾಜಿನ ಮೇಲೆ ಲಂಡನ್, ಕೊಲಂಬೊ, ದೆಹಲಿ ಎಂದು ಊರುಗಳ ಹೆಸರು. ಒಳಗೆ ವಾಲ್ವುಗಳು ಕಾದು ಕೆಂಪಾಗಲು ಅರ್ಧ ನಿಮಿಷ ಬೇಕು. ಆಮೇಲೆ ಗುಂಯ್ ಎಂಬ ಸದ್ದು, ಅದರೊಳಗಿಂದ ಮಾತು. ಜಗಲಿಯ ಎರಡು ಕಂಬಗಳ ನಡುವೆ ತಾಮ್ರದ ಜಾಲರಿ ಪಟ್ಟಿಯ ಏರಿಯಲ್. ನೆಲಕ್ಕಿಳಿದ ಅರ್ತ್ ತಂತಿಯ ಗುಂಡಿಗೆ ಬೇಸಿಗೆಯಲ್ಲಿ ನೀರು ಹೊಯ್ಯಬೇಕು. ಕರೆಂಟಿಲ್ಲದ ಮನೆಯಲ್ಲಿ 90 ವೋಲ್ಟಿನ ದಪ್ಪ ಡ್ರೈ ಬ್ಯಾಟರಿ ಪೆಟ್ಟಿಗೆ. ಅದರ ಬೆಲೆ ನೆನೆದು ವಾರ್ತೆ, ಹವಾಮಾನ, ಒಂದೆರಡು ಹಾಡು ಕೇಳಿ ಆರಿಸಿಬಿಡುವುದು ರೂಢಿ. ಇದೆಲ್ಲದರ ಮೇಲೆ ಪೋಸ್ಟಾಫೀಸಿನಲ್ಲಿ ಲೈಸೆನ್ಸ್ ಪುಸ್ತಕಕ್ಕೆ ವರ್ಷಕ್ಕೆ 15 ರೂಪಾಯಿ. ದಿನವಿಡೀ ಹಾಕಿಡುವವನಿಗೆ ಪಟ್ಟಿ ಬೇಕಿಲ್ಲ. ಬ್ಯಾಟರಿ ಉಳಿಸುವವನಿಗೆ ಅದು ಬಾಯಿಪಾಠ ಇರಲೇಬೇಕು.

ಅಂಥವನು ಆರಿಸಿಕೊಳ್ಳುತ್ತಿದ್ದದ್ದು ಏನನ್ನು? ಆ ದಿನ ಯಾವ ತೀರ್ಮಾನ ತೆಗೆದುಕೊಳ್ಳಬೇಕಿದೆ ಎಂಬುದರ ಮೇಲೆ ಅದು ನಿಂತಿತ್ತು. ಬ್ರಿಟನ್ನಿನ ರೈತನಿಗೆ ಮಾರುಕಟ್ಟೆಯ ಧಾರಣೆ ಬೇಕಿತ್ತು, ಮೀನುಗಾರನಿಗೆ ಹಂಬರ್, ಥೇಮ್ಸ್, ಡಾಗರ್ ಎಂದು ಕಡಲಿನ ಒಂದೊಂದು ಭಾಗದ ಗಾಳಿಯ ವರದಿ ಬೇಕಿತ್ತು. ಅದು 1500 ಮೀಟರಿನ ಲಾಂಗ್ ವೇವ್‌ನಲ್ಲಿ ನಡುಗಡಲಿಗೂ ಮುಟ್ಟುತ್ತಿತ್ತು. ನಮ್ಮ ಕಾಫಿ ಬೆಳೆಗಾರನಿಗೆ ಧಾರಣೆ ಕೇಳುವ ಅವಸರವೇ ಇರಲಿಲ್ಲ. 1942ರ ಕಾಫಿ ಕಾಯ್ದೆಯ ಪ್ರಕಾರ ಬೆಳೆದದ್ದನ್ನೆಲ್ಲ ಕಾಫಿ ಬೋರ್ಡಿನ ಪೂಲ್‌ಗೆ ಕೊಡಬೇಕು, ಹಣ ಕಂತುಕಂತಾಗಿ ಬರುವವರೆಗೆ ಕಾಯಬೇಕು. ಬೆಳೆಗಾರ ಪೂರ್ತಿ ಸ್ವತಂತ್ರನಾಗಿ ಮಾರುವಂತಾದದ್ದು 1996ರಲ್ಲಿ. ಹಾಗಾಗಿ ಐದು ದಶಕ ಕಾಫಿ ಸೀಮೆ ರೇಡಿಯೊದಿಂದ ಬಯಸಿದ ದೊಡ್ಡ ಸುದ್ದಿ ಮಳೆಯದು. ಭಾರತೀಯ ಹವಾಮಾನ ಇಲಾಖೆ 1945ರಿಂದಲೇ ರೇಡಿಯೊ ಮೂಲಕ ರೈತರಿಗೆಂದು ವರದಿ ಕೊಡಲು ಶುರುಮಾಡಿತ್ತು.

ಮಾರ್ಚ್‌ನ ಹೂಮಳೆ ಬೇಕು. ಬಿದ್ದು ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳುತ್ತದೆ. ಕೆಲ ವಾರ ಬಿಟ್ಟು ಕಾಯಿ ಕಚ್ಚಲು ಇನ್ನೊಂದು ಹದ ಮಳೆ ಬೇಕು. ನವೆಂಬರ್‌ನಿಂದ ಫೆಬ್ರವರಿವರೆಗೆ, ಹಣ್ಣು ಕಣದಲ್ಲಿ ಹರಡಿದ್ದಾಗ ಒಂದು ಹನಿಯೂ ಬೇಡ. ಅಕಾಲ ಮಳೆ ನೆನೆಸಿದ ಕಾಫಿ ಬೂಸ್ಟು ಹಿಡಿದು ಬೆಲೆ ಕಳೆದುಕೊಳ್ಳುತ್ತದೆ. ಅಂಥ ದಿನಗಳಲ್ಲಿ ತೋಟದ ಕಣದಲ್ಲಿ ಮೇಸ್ತ್ರಿಗೂ ಲೆಕ್ಕ ಬರೆಯುವ ರೈಟರಿಗೂ ನಡುವೆ ಇಂಥ ಮಾತು ಕೇಳಿಬರುತ್ತಿತ್ತು:

‘ರೈಟ್ರೇ, ಏನಂದ ರೇಡಿಯೊದೋನು?’

‘ದಕ್ಷಿಣ ಒಳನಾಡಿನ ಅಲ್ಲಲ್ಲಿ ಮಳೆ ಅಂದ ಮೇಸ್ತ್ರಿ. ಅಲ್ಲಲ್ಲಿ ಅಂದ್ರೆ ಎಲ್ಲೀಂತ ಅವನಿಗೂ ಗೊತ್ತಿಲ್ಲ. ಟಾರ್ಪಾಲು ಹತ್ರ ಇಟ್ಕಂಡಿರು.’

ಸುದ್ದಿ ಓದುವವನಿಗಿಂತ ಪೆಟ್ಟಿಗೆಯೇ ಕೆಲವೊಮ್ಮೆ ನಿಖರವಾಗಿ ಹೇಳುತ್ತಿತ್ತು. ಮಿಂಚು ಎಂದರೆ ಒಂದು ದೊಡ್ಡ ವಿದ್ಯುತ್ ಕಿಡಿ. ಅದು ಹೊಮ್ಮಿಸುವ ರೇಡಿಯೊ ತರಂಗ ಮೀಡಿಯಂ ವೇವ್‌ನಲ್ಲಿ ಕರಕರ ಎಂದು ಕೇಳುತ್ತದೆ. ಗುಡುಗು ಕಿವಿಗೆ ಬೀಳುವ ಮೊದಲೇ, ಮೋಡ ಬೆಟ್ಟದಾಚೆ ಇರುವಾಗಲೇ, ಬೆಂಗಳೂರಿನ ಗಾಯನದ ನಡುವೆ ಕರಕರ ಶುರುವಾದರೆ ಸಂಜೆಗೆ ಮಳೆ ಉಂಟು ಎಂದು ತಿಳಿಯುತ್ತಿತ್ತು. ಕಾರ್ಯಕ್ರಮ ಕೆಡಿಸುವ ಸದ್ದೇ ಕೇಳುಗನಿಗೆ ಬೇಕಾದ ವರದಿ.

ಹಳ್ಳಿಗರ ಕಾರ್ಯಕ್ರಮಕ್ಕೆ ಬೇಕಾದ ದನಿಯನ್ನೂ ಬೆಂಗಳೂರು ಕಂಡುಕೊಂಡಿತು. ರಂಗಕರ್ಮಿ ಎ. ಎಸ್. ಮೂರ್ತಿ ‘ಈರಣ್ಣ’ನಾಗಿ ಎಷ್ಟು ಮನೆಮಾತಾದರೆಂದರೆ ಆಕಾಶವಾಣಿ ಈರಣ್ಣ ಎಂಬುದೇ ಅವರ ಹೆಸರಾಯಿತು. ಉಪದೇಶವನ್ನು ಸಂಭಾಷಣೆಯಲ್ಲಿ ಬೆರೆಸುವ ಈ ಹಾದಿ ಆರ್ಚರ್ ಕುಟುಂಬದ ಹಾದಿಗೆ ಹತ್ತಿರದ್ದು. 1960ರ ದಶಕದ ನಡುವೆ ತಂಜಾವೂರಿನಲ್ಲಿ ಎಡಿಟಿ-27 ಎಂಬ ಭತ್ತದ ತಳಿ ರೇಡಿಯೊ ಕೇಳಿಯೇ ಹಬ್ಬಿ ‘ರೇಡಿಯೊ ಭತ್ತ’ ಎನಿಸಿಕೊಂಡಿತು. ಹೊತ್ತು, ದನಿ, ಅಗತ್ಯ ಮೂರೂ ಕೂಡಿಬಂದರೆ ರೇಡಿಯೊ ಹೊಲವನ್ನೇ ಬದಲಿಸಬಲ್ಲದು.

ಪಟ್ಟಿಗೆ ಸಿಗದವರು

ಆದರೆ ಕಾಫಿ ಸೀಮೆಯಲ್ಲಿ ಹೆಚ್ಚು ಜನ ಬೆಳೆಗಾರರಲ್ಲ, ಕೆಲಸದವರು. ಬೆಳಗಿನ ಮಸ್ಟರ್ ಹೊತ್ತಿಗೆ ಹೆಸರು ಕೂಗುವಾಗ ಲೈನಿನ, ಅಂದರೆ ಕೆಲಸದವರ ಮನೆಸಾಲಿನ, ಹೆಂಗಸು ಅಡುಗೆ ಮುಗಿಸಿ, ಮಗುವನ್ನು ಯಾರಿಗೋ ಒಪ್ಪಿಸಿ ಬಂದು ನಿಂತಿರಬೇಕು. ಮಧ್ಯಾಹ್ನ ಮಹಿಳೆಯರ ಕಾರ್ಯಕ್ರಮ ಬರುವಾಗ ಅವಳು ಗಿಡದ ಸಾಲಿನಲ್ಲಿದ್ದಾಳೆ. ಲಂಡನ್ ಊಹಿಸಿದ, ಬೆಂಗಳೂರು ಒಪ್ಪಿಕೊಂಡ, ಮನೆಯಲ್ಲೇ ಇರುವ ಗೃಹಿಣಿ ಅವಳಲ್ಲ. ಸಂಜೆ ಲೈನಿಗೆ ಮರಳಿ ಸೌದೆ, ನೀರು, ಅಡುಗೆ ಮುಗಿಸುವ ಹೊತ್ತಿಗೆ ಹಳ್ಳಿಗರ ಕಾರ್ಯಕ್ರಮವೂ ಮುಗಿದಿರುತ್ತದೆ.

ಭಾಷೆಯದು ಇನ್ನೊಂದು ತೊಡಕು. ಘಟ್ಟದ ಕೆಳಗಿನಿಂದ ಮೇಸ್ತ್ರಿಗಳ ಹಿಂದೆ ಬಂದವರ ಮನೆಮಾತು ತುಳು. ಹೊಸೂರು, ಸೇಲಂ ಕಡೆಯಿಂದ ಬಂದವರದು ತಮಿಳು. ತುಳು ಕಾರ್ಯಕ್ರಮಗಳಿಗೆ ನೆಲೆಯಾದ ಮಂಗಳೂರು ಆಕಾಶವಾಣಿ ಶುರುವಾದದ್ದು 1976ರ ಡಿಸೆಂಬರ್ 11ರಂದು. ಆರ್ಚರ್ ಕುಟುಂಬ ಬ್ರಿಟನ್ನಿನ ಮನೆ ಸೇರಿದ 1951ರಲ್ಲೇ ನಮ್ಮ ಸಂಸತ್ತು ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ಮಾಡಿತ್ತು. ಕುಡಿಯುವ ನೀರು, ಆಸ್ಪತ್ರೆ, ಶಿಶುಗೃಹಗಳ ಜೊತೆಗೆ ಮನರಂಜನೆಯ ಸೌಲಭ್ಯವನ್ನೂ ಮಾಲೀಕರು ಒದಗಿಸಬೇಕೆಂದು ನಿಯಮ ಮಾಡಲು ರಾಜ್ಯಗಳಿಗೆ ಅದು ಅಧಿಕಾರ ಕೊಟ್ಟಿತು. ಕಾನೂನಿಗೆ ಕಂಡ ಕೇಳುಗ ಕಾರ್ಯಕ್ರಮದ ಪಟ್ಟಿಗೆ ಕಂಡಿರಲಿಲ್ಲ.

ಈ ಕೊರತೆಯನ್ನು ತುಂಬಿದ್ದು ಕಾರ್ಯಕ್ರಮ ಬರೆಯುವವರಲ್ಲ, ಟ್ರಾನ್ಸಿಸ್ಟರ್. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1947ರಲ್ಲಿ ಹುಟ್ಟಿದ ಈ ಪುಟ್ಟ ಸಾಧನಕ್ಕೆ ಕಾಯುವ ವಾಲ್ವು ಬೇಕಿಲ್ಲ, 90 ವೋಲ್ಟ್ ಬೇಕಿಲ್ಲ, ಟಾರ್ಚಿನ ಸೆಲ್ಲು ಸಾಕು. ಅದು ನಮ್ಮ ಊರುಗಳಿಗೆ ಹಬ್ಬಿದ ಮೇಲೆ ಕಾಫಿ ಕೊಯ್ಯುವಲ್ಲಿ ಸಿಲ್ವರ್ ಮರದ ಕೊಂಬೆಗೋ, ಗಿಡದ ಬುಡದ ಕುಕ್ಕೆಯ ಪಕ್ಕಕ್ಕೋ ರೇಡಿಯೊ ಬಂತು. ವಿವಿಧಭಾರತಿಯ ಹಾಡು ಕೇಳುತ್ತ ಕೈ ಹಣ್ಣು ಬಿಡಿಸಿತು. ಬಿಬಿಸಿ ಲೆಕ್ಕ ಹಾಕಿ ಕಾರ್ಖಾನೆಗೆ ತಂದ ಕೆಲಸದ ಹೊತ್ತಿನ ಸಂಗೀತವನ್ನು ತೋಟದವರು ತಾವಾಗಿಯೇ ತಂದುಕೊಂಡರು.

ಉಳಿದದ್ದು ಯಾವುದು?

1967ರ ಸೆಪ್ಟೆಂಬರ್ 30ರಂದು ಬಿಬಿಸಿ ಹಳೆಯ ಮೂರು ಪಾಲನ್ನು ಅಳಿಸಿ ರೇಡಿಯೊ 1, 2, 3, 4 ಎಂದು ಹೊಸದಾಗಿ ಹಂಚಿತು. ‘ಹೌಸ್‌ವೈವ್ಸ್ ಚಾಯ್ಸ್’, ‘ಮ್ಯೂಸಿಕ್ ವೈಲ್ ಯು ವರ್ಕ್’ ಎರಡೂ ಆ ವರ್ಷವೇ ಮುಗಿದವು. ಎರಡು ವರ್ಷಕ್ಕೆ ಡೇಲ್ ಸಂಸಾರವೂ ಮುಗಿಯಿತು. ‘ವುಮನ್ಸ್ ಅವರ್’ ಇಂದಿಗೂ ಇದೆ, ಮಧ್ಯಾಹ್ನದಿಂದ ಬೆಳಗಿಗೆ ಸರಿದಿದೆ. ‘ದಿ ಆರ್ಚರ್ಸ್’ ಇದೆ, ಕಡಲ ಹವಾಮಾನ ಇದೆ. ಕೇಳುಗರ ಬದುಕು ಬದಲಾದಂತೆ ತಮ್ಮ ಹೊತ್ತನ್ನೋ ವಿಷಯವನ್ನೋ ಬದಲಿಸಿಕೊಂಡವು, ಇಲ್ಲವೇ ಕೇಳುಗನ ದಿನದ ತೀರ್ಮಾನಕ್ಕೆ ನೇರವಾಗಿ ಬೇಕಾದವು ಉಳಿದವು. ಆಕಾಶವಾಣಿಯಲ್ಲೂ ಉಳಿದವು ಅಂಥವೇ: ವಾರ್ತೆ, ಕೃಷಿ, ಬೆಳಗಿನ ಗಾಯನ.

ಈಗ ಹಾಸನಕ್ಕೇ ಆಕಾಶವಾಣಿಯ ಎಫ್‌ಎಂ ಕೇಂದ್ರವಿದೆ. ಮಳೆಯ ಮುನ್ಸೂಚನೆ ಬೆಳೆಗಾರನ ಮೊಬೈಲಿನಲ್ಲಿ ಹೋಬಳಿ ಮಟ್ಟಕ್ಕೆ ಇಳಿದಿದೆ. ಕಾಫಿಯ ಧಾರಣೆ ವಾಟ್ಸ್ಆ್ಯಪ್ ಗುಂಪಿಗೆ ದಿನವೂ ಬರುತ್ತದೆ. ಬೆಳೆಗಾರ ರೇಡಿಯೊಗೆ ಕಾಯಬೇಕಿಲ್ಲ. ಆದರೆ ಕೊಯ್ಲಿನ ತಿಂಗಳಲ್ಲಿ ಹಾಸನ, ಚಿಕ್ಕಮಗಳೂರು, ಕೊಡಗಿನ ತೋಟಗಳಿಗೆ ಅಸ್ಸಾಂ, ಬಂಗಾಳ, ಜಾರ್ಖಂಡ್‌ಗಳಿಂದ ಬರುವ ಕೆಲಸದವರಿಗೆ ಆಸ್ಪತ್ರೆ ಎಲ್ಲಿ, ಕೂಲಿ ಎಷ್ಟು, ಆನೆ ಯಾವ ತೋಟದಲ್ಲಿದೆ ಎಂದು ಅವರ ಮಾತಿನಲ್ಲಿ ಹೇಳುವ ದನಿ ಬೇಕಾಗಿದೆ. ಕಾಫಿ ಸೀಮೆಯ ರೇಡಿಯೊಗೆ ಇಂದು ಯಾರಾದರೂ ಒಂದು ದಿನದ ಪಟ್ಟಿ ಬರೆಯಲು ಕೂತರೆ ಮೊದಲು ತಿಳಿದುಕೊಳ್ಳಬೇಕಾದದ್ದು ಲೈನಿನಲ್ಲಿ ಒಲೆ ಆರುವುದು ಎಷ್ಟು ಗಂಟೆಗೆ ಎಂಬುದನ್ನು. ಯಾವ ಕಾರ್ಯಕ್ರಮ ಎಂಬ ಪ್ರಶ್ನೆ ಆಮೇಲಿನದು.